ಎಲ್ಲೆ ಬರೆದವರ ಗದ್ಯ

ಬೇಲೂರು, ಹಳೇಬೀಡು, ಅರಸೀಕೆರೆಗೆ ಬಂದವರು ಶಿಲ್ಪಗಳಿಗೆ ಮುಗಿಬೀಳುತ್ತಾರೆ. ನನ್ನ ಮೆಚ್ಚುಗೆ ಈ ಸೀಮೆಯ ದಾನಶಾಸನಗಳಿಗೆ. 1902ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಹೊರತಂದ ಹಾಸನ ಜಿಲ್ಲೆಯ ಶಾಸನ ಸಂಪುಟ ತೆರೆದರೆ ಸಾಕು. ಮೊದಲಿಗೆ ಬಿರುದುಬಾವಲಿಗಳ ಅಬ್ಬರ. ಓದಲು ಕೊಂಚ ಆಯಾಸವೇ. ಭೂಮಿಯ ಮಾತು ಬಂದೊಡನೆ ಭಾಷೆ ನೆಲಕ್ಕಿಳಿಯುತ್ತದೆ: ಶಕವರ್ಷ, ತಿಥಿ, ಕೊಟ್ಟವರು, ಪಡೆದವರು, ಮೂಡಲಿಗೆ ಇಂಥ ಕೆರೆ, ತೆಂಕಲಿಗೆ ನೆಟ್ಟ ಕಲ್ಲು, ಪಡುವಲಿಗೆ ಹಳ್ಳ. ಎಲ್ಲೆ ಸುತ್ತುವವನ ಹೆಜ್ಜೆಯ ಕ್ರಮದಲ್ಲೇ ವಾಕ್ಯ ಸಾಗುತ್ತದೆ. ಅಳೆದ ಕೋಲು ಯಾವುದೆಂದೂ ಕೆಲವು ಹೇಳುತ್ತವೆ. ಇಂದು ಮಿಕ್ಸಿಯ ಕೈಪಿಡಿ ಬರೆಯುವವರು ಈ ಶಾಸನಗಳನ್ನು ಓದಬೇಕು. ‘ಸರಿಯಾಗಿ ಜೋಡಿಸಿ’ ಎಂದು ಕೈತೊಳೆದುಕೊಳ್ಳುವ ಚಾಳಿ ಇಲ್ಲಿಲ್ಲ. ಬೇಲೂರಿನ ಶಿಲ್ಪಗಳಡಿ ಬಳ್ಳಿಗಾವೆಯ ಶಿಲ್ಪಿ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದಂತೆ, ಶಾಸನ ಬರೆದವರೂ ಕಂಡರಿಸಿದವರೂ ಎಷ್ಟೋ ಕಡೆ ಹೆಸರು ಹಾಕಿದ್ದಾರೆ. ತಪ್ಪಿದ್ದರೆ ಯಾರನ್ನು ಕೇಳಬೇಕೆಂಬ ಗೊಂದಲವೂ ಇಲ್ಲ.