ಬೆದರಿಕೆಯ ಎದುರು ಒಂದು ಪ್ರಾರ್ಥನೆ
(ಅಪೊಸ್ತಲರ ಕೃತ್ಯಗಳು 4:23–31)

ಯೆರೂಸಲೇಮಿನ ದೇವಾಲಯದ ಬಾಗಿಲಲ್ಲಿ ಭಿಕ್ಷೆ ಬೇಡುತ್ತಿದ್ದ ಒಬ್ಬ ಎದ್ದು ನಡೆದಾಡಿದ. ಹುಟ್ಟಿನಿಂದ ಕಾಲು ಬಾರದವನು, ವಯಸ್ಸು ನಲವತ್ತು ದಾಟಿತ್ತು. ಯೇಸುವಿನ ಹೆಸರಿನಲ್ಲಿ ಅವನನ್ನು ಗುಣಪಡಿಸಿದ ನಿಮಿತ್ತ ಅಪೊಸ್ತಲರಾದ ಪೇತ್ರ ಯೋಹಾನರು ಒಂದು ರಾತ್ರಿ ಸೆರೆಯಲ್ಲಿದ್ದು, ಮರುದಿನ ಹಿರೀಸಭೆಯ ಮುಂದೆ ನಿಲ್ಲಬೇಕಾಯಿತು. ಯೇಸುವಿನ ಹೆಸರು ಇನ್ನು ಎತ್ತಕೂಡದೆಂದು ಗದರಿಸಿ ಬಿಟ್ಟರು. ಗದರಿಸಿದವರಲ್ಲಿ ಅನ್ನ, ಕಾಯಫರೂ ಇದ್ದರು. ಯೇಸುವನ್ನು ಪಿಲಾತನ ಕೈಗೆ ಒಪ್ಪಿಸಿದ ಮಹಾಯಾಜಕರ ಮನೆತನ ಅದು. ಬೆದರಿಕೆ ಬರೀ ಬಾಯಿಮಾತಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ವಚನ 23. ಇಬ್ಬರೂ ನೇರವಾಗಿ ತಮ್ಮವರ ಬಳಿಗೆ ಹೋಗಿ, ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದರು.

ವಚನ 24. ಪ್ರಾರ್ಥನೆ ಶುರುವಾಗುವುದು ಭೂಮ್ಯಾಕಾಶ ಸಮುದ್ರಗಳನ್ನು ಉಂಟುಮಾಡಿದ ಒಡೆಯನನ್ನು ಕರೆಯುವುದರಿಂದ. ಈ ಧಾಟಿ ಹಳೆಯದು. ಯೆಶಾಯನ ಗ್ರಂಥದ 37ನೆಯ ಅಧ್ಯಾಯದಲ್ಲಿ ಅಶ್ಶೂರದ ಸನ್ಹೇರೀಬ ಬೆದರಿಕೆಯ ಪತ್ರ ಕಳಿಸಿದಾಗ, ಹಿಜ್ಕೀಯ ಅರಸ ಅದನ್ನು ದೇವಾಲಯದಲ್ಲಿ ದೇವರೆದುರು ಹರಡಿಟ್ಟು ಹೀಗೆಯೇ ಆರಂಭಿಸಿದ್ದ. ಆದರೆ ಅವನು ಕೇಳಿಕೊಂಡದ್ದು ಶತ್ರುವಿನಿಂದ ಬಿಡುಗಡೆ. ಇವರು ಏನು ಕೇಳುತ್ತಾರೆ ಎಂಬುದಕ್ಕೆ ಇನ್ನೂ ನಾಲ್ಕು ವಚನ ಕಾಯಬೇಕು.

ವಚನ 25–26. ಎರಡನೆಯ ಕೀರ್ತನೆಯನ್ನು ನೆನೆಯುತ್ತಾರೆ. ಅರಸರು ಒಟ್ಟಾಗಿ ದೇವರ ಅಭಿಷಿಕ್ತನ ಮೇಲೆ ಏಳುವುದು ಹೊಸ ಸುದ್ದಿಯಲ್ಲ ಎಂಬುದಷ್ಟೇ ಇಲ್ಲಿನ ಮಾತು.

ವಚನ 27. ಈಗ ಹೆಸರುಗಳು ಬರುತ್ತವೆ: ಹೆರೋದ, ಪೊಂತ್ಯ ಪಿಲಾತ. ಜೊತೆಗೆ ಅನ್ಯಜನರು, ಸ್ವಂತ ಜನರಾದ ಇಸ್ರಾಯೇಲ್ಯರು. ಕೆಡುಕನ್ನು ‘ಕಾಲ ಕೆಟ್ಟಿತು’ ಎಂದು ತೇಲಿಸಿಬಿಡದೆ, ಮಾಡಿದವರು ಯಾರೆಂದು ದೇವರ ಮುಂದೆ ಹೆಸರು ಹಿಡಿದು ಹೇಳುವ ಪ್ರಾರ್ಥನೆ ಇದು. ನಮ್ಮ ಸಾಮೂಹಿಕ ಪ್ರಾರ್ಥನೆಗಳಲ್ಲಿ ಈ ಧೈರ್ಯ ಕಡಿಮೆ.

ವಚನ 28. ಇಡೀ ಪ್ರಾರ್ಥನೆಯ ಕಗ್ಗಂಟು ಇಲ್ಲಿದೆ. ಅವರೆಲ್ಲ ಕೂಡಿ ಮಾಡಿದ್ದು, ದೇವರು ಮೊದಲೇ ನಿಶ್ಚಯಿಸಿದ್ದನ್ನೇ ಎನ್ನುತ್ತಾರೆ. ಹಾಗಾದರೆ ಪಿಲಾತ ನಿರ್ದೋಷಿಯೇ? ಹಾಗೆಂದುಕೊಂಡಿದ್ದರೆ ಹಿಂದಿನ ವಚನದಲ್ಲಿ ಅವನ ಹೆಸರೆತ್ತುವ ಅಗತ್ಯವೇ ಇರಲಿಲ್ಲ. ಪೇತ್ರನ ಪಂಚಾಶತ್ತಮ ದಿನದ ಪ್ರಸಂಗದಲ್ಲೂ (2:23) ಇವೆರಡೂ ಒಂದೇ ಉಸಿರಿನಲ್ಲಿವೆ: ಸಂಕಲ್ಪ ದೇವರದು, ಕೊಂದ ಪಾಪ ಕೊಂದವರದು. ಇವೆರಡು ಹೇಗೆ ಕೂಡುತ್ತವೆಂದು ಗ್ರಂಥಕರ್ತ ಲೂಕ ಬಿಡಿಸಿ ಹೇಳುವುದಿಲ್ಲ.

ಈ ವಚನವನ್ನು ಆಡಿದವರು ಯಾರೆಂಬುದನ್ನು ಮರೆಯಬಾರದು. ತಮ್ಮ ಗುರುವನ್ನೇ ಕಳೆದುಕೊಂಡು, ನಾಳೆ ತಮ್ಮ ಸರದಿಯೋ ಏನೋ ಎಂಬ ಸ್ಥಿತಿಯಲ್ಲಿದ್ದವರು. ಪೆಟ್ಟು ತಿಂದವರು ತಾವಾಗಿ ಹೇಳಿದರೆ ಇದು ವಿಶ್ವಾಸ. ಸಾವಿನ ಮನೆಗೆ ಬಂದ ನೆಂಟರು ‘ಎಲ್ಲಾ ದೇವರ ಚಿತ್ತ’ ಎಂದು ಹೇಳಿ, ಕಾಫಿ ಕುಡಿದು ಹೊರಟರೆ ಅದು ಬೇರೆಯೇ ಮಾತು.

ವಚನ 29. ಬೇಡಿಕೆ ಕೊನೆಗೂ ಬಂತು. ಅವರ ಬೆದರಿಕೆಯನ್ನು ನೋಡು ಎನ್ನುತ್ತಾರೆ, ನಿಲ್ಲಿಸು ಎನ್ನುವುದಿಲ್ಲ. ಹಿರೀಸಭೆಯವರು ಸಾಯಲಿ, ಬೀಳಲಿ ಎಂಬ ಶಾಪವೂ ಇಲ್ಲ. ಬೆದರಿಕೆಯನ್ನು ಏನು ಮಾಡಬೇಕೆಂಬುದನ್ನು ಒಡೆಯನಿಗೇ ಬಿಟ್ಟು, ತಮಗೆ ಮಾತಾಡುವ ಧೈರ್ಯ ಕೊಡು ಎಂದಷ್ಟೇ ಕೇಳುತ್ತಾರೆ. ಯಾವುದನ್ನು ಮಾಡಕೂಡದೆಂದು ಸಭೆ ಅಪ್ಪಣೆ ಮಾಡಿತ್ತೋ ಅದನ್ನೇ ಮಾಡಲು ಬಲ ಕೇಳಿದರು! ಆಗಬೇಕಾದ್ದು ಆಗುತ್ತದೆಂದು ಕೈಕಟ್ಟಿ ಕೂರುವವರ ಮಾತು ಇದಲ್ಲ.

ವಚನ 30. ಗುಣಪಡಿಸಲು ಕೈಚಾಚು ಎನ್ನುತ್ತಾರೆ. ಶಿಲುಬೆಯ ಮರಣವನ್ನು ನಿಶ್ಚಯಿಸಿತೆಂದು 28ರಲ್ಲಿ ಹೇಳಿದ ಕೈಯೇ ಇದು.

ವಚನ 31. ಅವರು ಕೂಡಿದ್ದ ಸ್ಥಳ ನಡುಗಿತು, ಧೈರ್ಯ ಬಂತು. ಬೆದರಿಕೆ ಮಾತ್ರ ಹೋಗಲಿಲ್ಲ. ಐದನೆಯ ಅಧ್ಯಾಯದಲ್ಲಿ ಅಪೊಸ್ತಲರಿಗೆ ಚಾಟಿಯೇಟು, ಏಳರಲ್ಲಿ ಸ್ತೆಫನನ ಮೇಲೆ ಕಲ್ಲಿನ ಮಳೆ. ಹನ್ನೆರಡರಲ್ಲಿ ಇನ್ನೊಬ್ಬ ಹೆರೋದ ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಅದೇ ಅಧ್ಯಾಯದಲ್ಲಿ ದೇವದೂತನು ಪೇತ್ರನನ್ನು ಸೆರೆಯಿಂದ ಹೊರತರುತ್ತಾನೆ. ಒಬ್ಬನಿಗೆ ಹಾಗೆ, ಇನ್ನೊಬ್ಬನಿಗೆ ಹೀಗೆ ಏಕೆಂದು ಲೂಕ ಒಂದು ಮಾತೂ ಬರೆದಿಲ್ಲ. ವ್ಯಾಖ್ಯಾನ ಬರೆಯುವವರು ಆ ಜಾಗವನ್ನು ತುಂಬಲು ಹೋಗದಿದ್ದರೆ ಒಳ್ಳೆಯದು.