ಎಲ್ಲಿಗೆ ನಿಲ್ಲಿಸಿದ್ದೆವು?

ಕೆಲವು ವರ್ಷಗಳ ಹಿಂದೆ ಒಂದು ಕಚೇರಿಗೆ ರಾತ್ರಿ ಓಡುವ ಪ್ರೋಗ್ರಾಂ ಒಂದನ್ನು ಬರೆದುಕೊಟ್ಟಿದ್ದೆ. ಹಣ ಕಟ್ಟದ ಗ್ರಾಹಕರಿಗೆ ನೆನಪೋಲೆ ಕಳಿಸುವ ಕೆಲಸ. ‘ಬಾಕಿ’ ಎಂದು ಗುರುತಾದವರನ್ನು ನೂರು ನೂರಾಗಿ ತೆಗೆಯುವುದು, ಓಲೆ ಕಳಿಸುವುದು, ಗುರುತನ್ನು ‘ಕಳಿಸಿದೆ’ ಎಂದು ತಿದ್ದುವುದು, ಮುಂದಿನ ನೂರಕ್ಕೆ ಹೋಗುವುದು. ಬೆಳಿಗ್ಗೆ ನೋಡಿದರೆ ಸರಿಯಾಗಿ ಅರ್ಧ ಜನಕ್ಕೆ ಮಾತ್ರ ಓಲೆ ಹೋಗಿತ್ತು. ಲಾಗ್‌ನಲ್ಲಿ ಒಂದೂ ಎರರ್ ಇರಲಿಲ್ಲ.

ಕಾರಣ ಹುಡುಕಲು ಒಂದು ದಿನ ಹಿಡಿಯಿತು. ಮೊದಲ ನೂರು ಮಂದಿಯ ಗುರುತು ಬದಲಾದ ಕ್ಷಣವೇ ಅವರು ‘ಬಾಕಿ’ ಪಟ್ಟಿಯಿಂದ ಹೊರಬಿದ್ದಿದ್ದರು. ಎರಡನೆಯ ನೂರು ಪಟ್ಟಿಯ ತಲೆಗೆ ಬಂದು ಕೂತಿತ್ತು. ನನ್ನ ಕ್ವೆರಿ ಮಾತ್ರ ‘ನೂರು ದಾಟಿ ಮುಂದಿನ ನೂರು ಕೊಡು’ ಎಂದು ಕೇಳಿ ಅವರನ್ನೇ ದಾಟಿಬಿಟ್ಟಿತ್ತು. ಹೀಗೆ ಒಂದು ಕಂತು ಬಿಟ್ಟು ಒಂದು ಕಂತು. ಪುಟಪುಟವಾಗಿ ಓದುವುದರಲ್ಲಿ ಎಷ್ಟು ವಿಚಾರವಿದೆ ಎಂದು ನಾನು ಕಲಿತದ್ದು ಆ ದಿನ.

ಲಿಮಿಟ್ ಮತ್ತು ಆಫ್‌ಸೆಟ್ ಎಲ್ಲರಿಗೂ ಮೊದಲು ಪರಿಚಯವಾಗುವ ಜೋಡಿ. ಇಷ್ಟು ಸಾಲು ಬಿಡು, ಇಷ್ಟು ಸಾಲು ಕೊಡು. ಬರೆಯಲು ಸುಲಭ, ಮೊದಲ ಪುಟಗಳಲ್ಲಿ ಚುರುಕು. ಆದರೆ ‘ಬಿಡು’ ಎಂದ ಸಾಲುಗಳನ್ನು ಡೇಟಾಬೇಸ್ ಹಾರಿ ಹೋಗುವುದಿಲ್ಲ. ಒಂದೊಂದನ್ನೂ ತೆಗೆದು, ಎಣಿಸಿ, ಬದಿಗೆಸೆಯುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಕೈಪಿಡಿಯೇ ಈ ಎಚ್ಚರಿಕೆ ಕೊಡುತ್ತದೆ. ಲೆಕ್ಕ ಹಾಕಿ ನೋಡಿ. 10 ಲಕ್ಷ ಸಾಲುಗಳನ್ನು ಪುಟಕ್ಕೆ 100ರಂತೆ ಓದಿದರೆ 10,000 ಪುಟ. ಮೊದಲ ಪುಟಕ್ಕೆ 100 ಸಾಲು ಮುಟ್ಟಿದರೆ ಸಾಕು, ಎರಡನೆಯದಕ್ಕೆ 200, ಕೊನೆಯದಕ್ಕೆ ಪೂರ್ತಿ 10 ಲಕ್ಷ. ಎಲ್ಲ ಕೂಡಿದರೆ 500 ಕೋಟಿ 5 ಲಕ್ಷ! 10 ಲಕ್ಷ ಸಾಲು ಓದಲು ಇಷ್ಟು ದುಡಿಮೆ. ಓದುತ್ತಿರುವಾಗಲೇ ಮೇಲೆ ಹೊಸ ಸಾಲೊಂದು ಸೇರಿದರೆ, ಈ ಪುಟದ ಕೊನೆಯ ಸಾಲು ಮುಂದಿನ ಪುಟದ ಮೊದಲಲ್ಲಿ ಮತ್ತೆ ಕಾಣುತ್ತದೆ. ಒಂದು ಅಳಿದರೆ ಇನ್ನೊಂದು ಕಣ್ಣಿಗೆ ಬೀಳದೆಯೇ ಜಾರಿಹೋಗುತ್ತದೆ.

ನಮ್ಮ ಮನೆಯಲ್ಲಿ ಸಂಜೆ ಹೊತ್ತು ಜೈಮಿನಿ ಭಾರತ ಓದುವ ರೂಢಿಯಿತ್ತು. ಅಜ್ಜ ಪುಸ್ತಕ ಬಿಚ್ಚಿ ಮೊದಲು ಕೇಳುತ್ತಿದ್ದುದು, ‘ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆವು?’ ಇಷ್ಟು ಪದ್ಯ ಮುಗಿದಿದೆ ಎಂದು ಯಾರೂ ಲೆಕ್ಕ ಒಪ್ಪಿಸುತ್ತಿರಲಿಲ್ಲ. ‘ಚಂದ್ರಹಾಸ ಪತ್ರ ಹಿಡಿದು ಹೊರಟಿದ್ದ’ ಎಂದು ಅಜ್ಜಿ ಹೇಳಿದರೆ ಅಜ್ಜನ ಬೆರಳು ನೇರ ಅಲ್ಲಿಗೇ ಹೋಗುತ್ತಿತ್ತು.

ಡೇಟಾಬೇಸಿಗೂ ಹೀಗೆಯೇ ಹೇಳಬಹುದು. ಹಿಂದಿನ ಪುಟದ ಕೊನೆಯ ಸಾಲಿನ ಕೀಲಿಯನ್ನು ನೆನಪಿಟ್ಟುಕೊಂಡು, ‘ಇದಕ್ಕಿಂತ ಮುಂದಿನ ನೂರು ಕೊಡು’ ಎನ್ನುವುದು. ಬಲ್ಲವರು ಇದನ್ನು ಕೀಸೆಟ್ ಪೇಜಿನೇಶನ್ ಎನ್ನುತ್ತಾರೆ. ಇದಕ್ಕೆ ಬಲ ಕೊಡುವುದು ಬಿ-ಟ್ರೀ ಇಂಡೆಕ್ಸ್. ಬೋಯಿಂಗ್ ಕಂಪನಿಯಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ಅದನ್ನು ರೂಪಿಸಿದರು; ಅವರ ಪ್ರಬಂಧ 1972ರಲ್ಲಿ ಅಚ್ಚಾಯಿತು. ಒಂದೊಂದು ಗಂಟಿಗೆ 300 ಕವಲು ಎಂದುಕೊಳ್ಳಿ: ಮೂರೇ ಮೆಟ್ಟಿಲಿನಲ್ಲಿ 2 ಕೋಟಿ 70 ಲಕ್ಷ ಸಾಲುಗಳ ನಡುವೆ ಬೇಕಾದ ಜಾಗ ಸಿಗುತ್ತದೆ. ಅಲ್ಲಿಂದ ನೂರು ಸಾಲು ಅಕ್ಕಪಕ್ಕದಲ್ಲೇ ಇರುತ್ತವೆ. ಹತ್ತು ಸಾವಿರದನೆಯ ಪುಟವೂ ಮೊದಲನೆಯದರಷ್ಟೇ ಹಗುರ.

ಇದರ ಶಿಸ್ತು ಇರುವುದು ಕೀಲಿಯ ಆಯ್ಕೆಯಲ್ಲಿ. ಎಡ್ಗರ್ ಕಾಡ್ 1970ರಲ್ಲಿ ಕೊಟ್ಟ ರಿಲೇಶನಲ್ ಮಾದರಿಯಲ್ಲಿ ಸಾಲುಗಳಿಗೆ ತಮ್ಮದೇ ಆದ ಕ್ರಮವಿಲ್ಲ. ಆರ್ಡರ್ ಬೈ ಹಾಕಿ ನಾವು ಕೊಟ್ಟದ್ದೇ ಕ್ರಮ. ಬರೀ ಸಮಯದ ಮೇಲೆ ಜೋಡಿಸಿದರೆ ಸಾಲದು. ಒಂದೇ ಕ್ಷಣದಲ್ಲಿ ಎರಡು ಸಾಲು ಹುಟ್ಟಿ, ಪುಟದ ಅಂಚು ಅವುಗಳ ನಡುವೆ ಬಿದ್ದರೆ ಒಂದು ಕಳೆದುಹೋಗುತ್ತದೆ. ಸಮಯದ ಜೊತೆ ಐಡಿಯನ್ನೂ ಸೇರಿಸಿ, ಜೋಡಿಯನ್ನೇ ಕೀಲಿ ಮಾಡಿ, ಆ ಜೋಡಿಯ ಮೇಲೆಯೇ ಇಂಡೆಕ್ಸ್ ಕಟ್ಟಿ. ಓದುವ ನಡುವೆ ಬದಲಾಗುವ ಕಾಲಂ ಕೀಲಿಯಾಗಬಾರದು. ಇನ್ನೊಂದು ನನಗೆ ಬಹಳ ಇಷ್ಟವಾದ ಕೈಚಳಕ: 20 ಸಾಲು ತೋರಿಸಬೇಕಾದಾಗ 21 ಕೇಳಿ. ಇಪ್ಪತ್ತೊಂದನೆಯದು ಬಂದರೆ ‘ಮುಂದೆ’ ಗುಂಡಿ ತೋರಿಸಿ, ಬಾರದಿದ್ದರೆ ಪಟ್ಟಿ ಮುಗಿಯಿತು. ಅಷ್ಟು ತಿಳಿಯಲು ಇಡೀ ಟೇಬಲ್ ಎಣಿಸಬೇಕಿಲ್ಲ.

ಇದರಲ್ಲಿ ಕಳೆದುಕೊಳ್ಳುವುದೂ ಇದೆ: ನೇರ 57ನೆಯ ಪುಟಕ್ಕೆ ನೆಗೆಯಲಾಗದು. ಆದರೆ ಹಾಗೆ ನೆಗೆಯುವವರು ಹುಡುಕುವುದು ಯಾವುದೋ ತಾರೀಖನ್ನು ಅಥವಾ ಹೆಸರನ್ನು. ಅವರಿಗೆ ಅದನ್ನೇ ಕೇಳುವ ಜಾಗ ಮಾಡಿಕೊಡುವುದು ಹೆಚ್ಚಿನ ಉಪಕಾರ. ಹತ್ತಿಪ್ಪತ್ತು ಪುಟದ ಪುಟ್ಟ ಪಟ್ಟಿಗಳಿಗೆ ಆಫ್‌ಸೆಟ್ ಧಾರಾಳವಾಗಿ ಸಾಕು. ದೊಡ್ಡದಕ್ಕೆ ಸಲ್ಲದು. ಎಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟದ ಸಾಫ್ಟ್‌ವೇರ್ ಅಂತೂ ಮೂಲ ಸೆಟ್ಟಿಂಗ್‌ನಲ್ಲಿ 10,000 ಫಲಿತಾಂಶದಾಚೆಗೆ ಹೀಗೆ ಎಣಿಸಿಕೊಂಡು ಹೋಗಲು ಬಿಡುವುದೇ ಇಲ್ಲ. ಅದರಾಚೆಗೆ ಕೊನೆಯ ಸಾಲಿನ ಗುರುತು ಹಿಡಿದು ಮುಂದುವರಿಯುವ ದಾರಿಯನ್ನು ಕೊಡುತ್ತದೆ.

ಆ ನೆನಪೋಲೆಯ ಪ್ರೋಗ್ರಾಂ ತಿದ್ದಿದಾಗ ಕೊನೆಯ ಐಡಿಯನ್ನು ಬೇರೊಂದು ಪುಟ್ಟ ಟೇಬಲ್‌ನಲ್ಲಿ ಬರೆದಿಡುವಂತೆ ಮಾಡಿದೆ. ಒಂದು ಮಳೆಗಾಲದ ರಾತ್ರಿ ಕರೆಂಟು ಹೋಗಿ ಕೆಲಸ ನಡುವೆಯೇ ನಿಂತಿತು. ಕರೆಂಟು ಬಂದ ಮೇಲೆ ಅದು ಆ ಟೇಬಲ್ಲಿನಿಂದ ಒಂದು ಸಂಖ್ಯೆ ಓದಿಕೊಂಡು, ಬಿಟ್ಟ ಜಾಗದಿಂದಲೇ ಮುಂದುವರಿಯಿತು. ಬೆಳಿಗ್ಗೆ ಪಟ್ಟಿಯಲ್ಲಿ ‘ಬಾಕಿ’ ಎಂದು ಯಾರೂ ಉಳಿದಿರಲಿಲ್ಲ. ನಾನು ಬರೆದ ಆ ಪುಟ್ಟ ಟೇಬಲ್ ಮಾಡಿದ್ದು, ಅಜ್ಜಿ ದಿನವೂ ಸಂಜೆ ಮಾಡುತ್ತಿದ್ದ ಕೆಲಸವನ್ನೇ.