ಮರಣಗೀತಗಳಲ್ಲಿ ಕಣ್ಣೀರಿನ ಸ್ಥಾನ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ವೀರಶೈವರ ಮನೆಯೊಂದರಲ್ಲಿ ಸಾವು ಸಂಭವಿಸಿದರೆ ಮೃತದೇಹಕ್ಕೆ ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಗೋಡೆಗೆ ಒರಗಿಸಿ ಕುಳ್ಳಿರಿಸುತ್ತಾರೆ. ಮರುದಿನ ಮಣ್ಣಿಗೆ ಬರಬೇಕಾದ ಬಂಧುಗಳ ದಾರಿ ಕಾಯುವ ಆ ರಾತ್ರಿ ಊರ ಭಜನೆಯವರು ಏಕತಾರಿ, ದಿಮ್ಮಡಿ, ತಾಳಗಳೊಡನೆ ಅಂಗಳದಲ್ಲಿ ಬಂದು ಕೂಡುತ್ತಾರೆ. ಒಳಗೆ ಹೆಣ್ಣುಮಕ್ಕಳು ಹೋದವರ ಗುಣಗಳನ್ನು ನೆನೆನೆನೆದು ಹಾಡಿಕೊಂಡು ಅಳುತ್ತಿರುತ್ತಾರೆ. ಹೊರಗೆ ತತ್ತ್ವಪದ ನಡೆದಿರುತ್ತದೆ. ಹೊಸ್ತಿಲಿನ ಈಚೆಗೊಂದು ಹಾಡು, ಆಚೆಗೊಂದು ಹಾಡು.

ಈ ಎರಡು ಹಾಡುಗಳಿಗೆ ಪರಸ್ಪರ ಸಂಬಂಧವೇನು? ಒಳಗಿನದು ಮೋಹ, ಹೊರಗಿನದು ಜ್ಞಾನ. ಒಳಗಿನ ಅಳುವನ್ನು ನಿಲ್ಲಿಸುವುದೇ ಹೊರಗಿನ ಪದಗಳ ಉದ್ದೇಶ ಎಂಬುದು ಸಾಮಾನ್ಯವಾಗಿ ಬರುವ ಉತ್ತರ. ನಮ್ಮ ವ್ಯಾಖ್ಯಾನಕಾರರಲ್ಲಿ ಬಹುಮಂದಿ ಮರಣವಿಷಯಕವಾದ ಹಾಡುಗಳನ್ನು ಈ ದೃಷ್ಟಿಯಿಂದಲೇ ವಿವರಿಸಿದ್ದಾರೆ. ಆ ಉತ್ತರ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ಇದು ಕೇವಲ ಸಾಹಿತ್ಯದ ಪ್ರಶ್ನೆಯಲ್ಲ. ಮಗುವನ್ನು ಕಳೆದುಕೊಂಡ ತಾಯಿಗೆ, “ಅಳಬೇಡ ತಾಯಿ, ಶಿವನ ಪಾದ ಸೇರಿದವರಿಗಾಗಿ ಅಳುವುದು ಭಕ್ತರ ಲಕ್ಷಣವಲ್ಲ” ಎಂದು ಹೇಳುವ ಹಿರಿಯರು ಎಲ್ಲ ಊರುಗಳಲ್ಲಿಯೂ ಉಂಟು. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಆ ಮಾತಿನಿಂದ ತಾಯಿಯ ದುಃಖ ಕುಗ್ಗುವುದಿಲ್ಲ. ಇದ್ದ ದುಃಖದ ಮೇಲೆ ತನ್ನ ಭಕ್ತಿಯೂ ಕೊರತೆಯಾಯಿತೆಂಬ ಅಳುಕು ಬಂದು ಕೂಡುತ್ತದೆ. ಹಾಡುಗಳನ್ನು ನಾವು ಹೇಗೆ ಅರ್ಥೈಸುತ್ತೇವೆ ಎಂಬುದು ದುಃಖಿತರೊಡನೆ ಹೇಗೆ ಮಾತನಾಡುತ್ತೇವೆ ಎಂಬುದನ್ನು ನಿರ್ಣಯಿಸುತ್ತದೆ.

೧

ಮೊದಲು ಕನ್ನಡಿಗರೆಲ್ಲರಿಗೂ ಪರಿಚಿತವಾದ ಒಂದು ಹಾಡನ್ನು ನೋಡೋಣ. ಪುರಂದರದಾಸರು (೧೪೮೪–೧೫೬೪) ಪಂಜರದಿಂದ ಹೋದ ಗಿಳಿಯನ್ನು ಕುರಿತು ರಚಿಸಿದ ಕೀರ್ತನೆ ಮತಭೇದವಿಲ್ಲದೆ ಭಜನೆಗಳಲ್ಲಿ ನಡೆದುಬಂದಿದೆ. ಅದರ ಕೀಲಿಕೈ ಎಲ್ಲರಿಗೂ ಗೊತ್ತು: ಗಿಳಿಯೆಂದರೆ ಪ್ರಾಣ, ಪಂಜರವೆಂದರೆ ದೇಹ, ಬೆಕ್ಕೆಂದರೆ ಮೃತ್ಯು, ಒಂಬತ್ತು ಬಾಗಿಲುಗಳೆಂದರೆ ನವದ್ವಾರಗಳು. ಈ ಕೀಲಿಕೈ ಸುಳ್ಳಲ್ಲ. ಆದರೆ ಅದನ್ನು ಕೈಗೆ ತೆಗೆದುಕೊಂಡ ಕೂಡಲೆ ಹಾಡಿನಲ್ಲಿರುವ ಒಬ್ಬ ವ್ಯಕ್ತಿಯನ್ನು ನಾವು ಮರೆತುಬಿಡುತ್ತೇವೆ. ಆಕೆ ಗಿಳಿಯನ್ನು ಸಾಕಿದ ಹೆಂಗಸು.

ಆಕೆ ಮಾತನಾಡುವುದು ತನ್ನ ಅಕ್ಕನೊಡನೆ. ಚಿಕ್ಕದೊಂದು ಗಿಳಿಯನ್ನು ಸಾಕಿದ್ದನ್ನು, ಅದಕ್ಕೆ ಮುತ್ತಿನ ಹಾರ ಹಾಕಿದ್ದನ್ನು ಹೇಳಿಕೊಳ್ಳುತ್ತಾಳೆ. ಬೆಕ್ಕು ಅದನ್ನು ಒಯ್ದದ್ದು ತಾನು ಇಲ್ಲದ ಹೊತ್ತಿನಲ್ಲಿ ಎನ್ನುತ್ತಾಳೆ. ಓದುಗರು ಈ ಒಂದು ವಿವರದಲ್ಲಿ ನಿಲ್ಲಬೇಕು. ಸಾವಿನ ಮನೆಗೆ ಹೋಗಿಬಂದವರೆಲ್ಲರೂ ಈ ಮಾತನ್ನು ಕೇಳಿದ್ದಾರೆ: ನೀರು ತರಲು ಹೋಗಿದ್ದೆ, ಔಷಧಕ್ಕೆಂದು ಹೋಗಿದ್ದೆ, ಆಗಲೇ ಹೋಗಿಬಿಟ್ಟಿತು. ಇದ್ದಿದ್ದರೆ ಉಳಿಸಿಕೊಳ್ಳಬಹುದಾಗಿತ್ತೇನೋ ಎಂಬ ಕೊರಗು ಉಳಿದವರ ದುಃಖದ ತಿರುಳು. ಮುಂದೆ, ಜನರಿಂದ ತುಂಬಿದ ಮನೆಯಿಂದಲೇ ಗಿಳಿ ಹಾರಿಹೋದ ಚಿತ್ರ ಬರುತ್ತದೆ. ಒಬ್ಬಳೇ ಇಲ್ಲದಾಗಲೂ ಹೋಗುತ್ತದೆ, ಎಲ್ಲರೂ ಇರುವಾಗಲೂ ಹೋಗುತ್ತದೆ. ತಾನಿಲ್ಲದ್ದರಿಂದ ಹೋಯಿತೆಂಬ ಕೊರಗಿಗೆ ಹಾಡೇ ಹೀಗೆ ಮೆಲ್ಲನೆ ಉತ್ತರ ಕೊಡುತ್ತದೆ. ಈ ಸಮಾಧಾನ ವಾಚ್ಯಾರ್ಥದಲ್ಲಿಯೇ ಇದೆ. ಬೆಕ್ಕು ಯಮನೆಂದು ಒಮ್ಮೆಲೆ ಹೇಳಿ ಮುಗಿಸಿದವನಿಗೆ ಅದು ಕೈಗೆ ಸಿಕ್ಕುವುದಿಲ್ಲ.

ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ಒಂದು ಸೊಗಸಾದ ಹೋಲಿಕೆ ಕೊಟ್ಟಿದ್ದಾನೆ. ಬೆಳಕು ಬೇಕಾದವನು ದೀಪದ ಕುಡಿಯನ್ನು ಜೋಪಾನ ಮಾಡುವಂತೆ ವ್ಯಂಗ್ಯಾರ್ಥ ಬೇಕಾದವನು ವಾಚ್ಯಾರ್ಥವನ್ನು ಆದರಿಸಬೇಕೆಂಬುದು ಅದರ ತಾತ್ಪರ್ಯ. ನಮ್ಮ ತತ್ತ್ವಪದಗಳ ವ್ಯಾಖ್ಯಾನಗಳು ಅನೇಕವೇಳೆ ಬೆಳಕು ಕಂಡ ಕೂಡಲೆ ದೀಪವನ್ನು ಆರಿಸಿಬಿಡುತ್ತವೆ. ಗಿಳಿ ಪ್ರಾಣವಾಗುವುದು ಸಾಕಿದವಳ ಪ್ರೀತಿಯ ಬಲದಿಂದ. ಆ ಪ್ರೀತಿಯನ್ನು ಅಜ್ಞಾನವೆಂದು ತಳ್ಳಿದರೆ ಉಳಿಯುವುದು ಬರಿಯ ಪಂಜರ.

೨

ಎರಡನೆಯ ನಿದರ್ಶನ ಶಿಶುನಾಳ ಷರೀಫರದು (೧೮೧೯–೧೮೮೯). ಕಳಸದ ಗೋವಿಂದಭಟ್ಟರ ಶಿಷ್ಯರಾದ ಈ ಅನುಭಾವಿಯ ಪದಗಳು ನಮ್ಮ ಮಠಗಳ ಭಜನೆಗಳಲ್ಲಿ ಮನೆಮಾತಾಗಿವೆ. ಹೆಂಡತಿಯನ್ನು ಕಳೆದುಕೊಂಡ ಗಂಡಸು, ಅವಳ ತವರಿಗೂ ತನಗೂ ಇನ್ನು ಯಾವ ಋಣವೆಂದು ಕೇಳಿಕೊಳ್ಳುವ ಪದವೊಂದುಂಟು. ಇದಕ್ಕೂ ಕೀಲಿಕೈ ಸಿದ್ಧವಾಗಿದೆ: ತೀರಿದ ಹೆಂಡತಿ ಮಾಯೆ, ಮಾವನ ಮನೆ ಸಂಸಾರ, ಕೇಳುವವನು ಮುಮುಕ್ಷು. ಮಾಯೆ ಅಳಿದ ಮೇಲೆ ಸಂಸಾರದ ಹಂಗಿಲ್ಲ ಎಂಬ ವೈರಾಗ್ಯವೇ ಇದರ ಅರ್ಥವೆಂದು ಹೇಳಿ ಮುಂದಿನ ಪದಕ್ಕೆ ಹೋಗುತ್ತೇವೆ.

ಆದರೆ ಈ ಚಿತ್ರದ ಶಕ್ತಿ ಎಲ್ಲಿಂದ ಬಂತು? ಹೆಂಡತಿ ಹೋದ ಮೇಲೆ ಅವಳ ತವರಿಗೆ ಕಾಲಿಟ್ಟ ಅಳಿಯನ ಸ್ಥಿತಿಯನ್ನು ನೆನೆಯಬೇಕು. ಅದೇ ಪಡಸಾಲೆ, ಅದೇ ಚಾಪೆ, ಅದೇ ಉಪಚಾರ. ಆದರೆ ಅವನನ್ನು ಕಂಡರೆ ಅವರಿಗೆ ಮಗಳ ನೆನಪು, ಅವರನ್ನು ಕಂಡರೆ ಇವನಿಗೆ ಹೆಂಡತಿಯ ನೆನಪು. ನಡುವಿನ ಎಳೆಯೊಂದು ಕಡಿದುಹೋದುದರಿಂದ ಉಳಿದ ನಂಟೆಲ್ಲ ಸಡಿಲವಾಗಿದೆ. ಒಂದು ಸಾವು ಒಬ್ಬರನ್ನಷ್ಟೇ ಒಯ್ಯುವುದಿಲ್ಲ; ಅವರ ಮೂಲಕ ನಮಗೆ ದೊರೆತಿದ್ದ ಲೋಕವನ್ನೂ ಒಯ್ಯುತ್ತದೆ. ಇದನ್ನು ಅರಿತವನು ಮಾತ್ರ ಈ ಸನ್ನಿವೇಶವನ್ನು ವೈರಾಗ್ಯಕ್ಕೆ ಪ್ರತೀಕವಾಗಿ ಆರಿಸಬಲ್ಲ. ಷರೀಫರ ಪತ್ನಿ ಅಕಾಲದಲ್ಲಿ ತೀರಿಕೊಂಡರೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಹಾಗೆಂದು ಪದವನ್ನು ಆ ಘಟನೆಯ ವರದಿಯಾಗಿ ಓದಬೇಕಾಗಿಲ್ಲ. ವೈರಾಗ್ಯವೆಂಬುದು ಪ್ರೀತಿಸದವರ ಸೊತ್ತಲ್ಲ, ಪ್ರೀತಿಸಿ ಕಳೆದುಕೊಂಡವರು ನಡೆದು ಸೇರಿದ ಎಡೆ ಎಂಬುದನ್ನು ಪದವೇ ತನ್ನ ಚಿತ್ರದಿಂದ ತಿಳಿಸುತ್ತದೆ.

ಮಾಳಿಗೆ ಸೋರುವುದನ್ನು ಕುರಿತ ಷರೀಫರ ಪ್ರಸಿದ್ಧ ಪದದಲ್ಲಿಯೂ ಇದೇ ಬಗೆ. ಅಜ್ಞಾನದಿಂದ ಸೋರುವ ಮನೆ ಎಂದು ಹಾಡುವವನು ಪಕ್ಕದ ಮನೆಯಲ್ಲಿ ಬೆಚ್ಚಗೆ ಕುಳಿತಿಲ್ಲ. ಕತ್ತಲೆಯಲ್ಲಿ ಮೇಲೇರಲು ತನ್ನಿಂದಾಗದೆಂದು ಅವನೂ ಒಪ್ಪಿಕೊಳ್ಳುತ್ತಾನೆ. ನೆನೆಯುತ್ತಿರುವವರ ನಡುವೆ ತಾನೂ ನೆನೆಯುತ್ತ ಹಾಡುವವನ ಮಾತು ಅದು. ಆದ್ದರಿಂದಲೇ ಅದು ದುಃಖಿತರ ಅಂಗಳದಲ್ಲಿ ಸಲ್ಲುತ್ತದೆ.

೩

ಮೂರನೆಯದು ನಮ್ಮ ಕಾಲಕ್ಕೆ ಹತ್ತಿರದ ಕವಿತೆ. ದ. ರಾ. ಬೇಂದ್ರೆಯವರು (೧೮೯೬–೧೯೮೧) ಮಕ್ಕಳ ಸಾವಿನ ನೋವನ್ನು ಒಂದಕ್ಕಿಂತ ಹೆಚ್ಚು ಸಲ ಉಂಡವರು. ಧಾರವಾಡದ ಆಡುನುಡಿಯಲ್ಲಿ ಅವರು ಬರೆದ ಶೋಕಗೀತೆಯಲ್ಲಿ ತಂದೆಯೊಬ್ಬನು ತನ್ನ ಹೆಂಡತಿಯ ನೋಟವನ್ನು ಎದುರಿಸಲಾರದೆ ಮಾತನಾಡುತ್ತಾನೆ. ಹಗಲಿನ ಆಕಾಶದಲ್ಲಿ ಬೆಳ್ಳಗೆ ತೇಲುವ ಚಂದ್ರನು ಅಲ್ಲಿ ಹೆಣವಾಗಿ ಕಾಣುತ್ತಾನೆ. ಕನ್ನಡದಲ್ಲಿ ಇಷ್ಟು ನಿರ್ಭಯವಾಗಿ ಸಾವನ್ನು ನೋಡಿದ ಪ್ರತಿಮೆಗಳು ಹೆಚ್ಚಿಲ್ಲ.

ಆದರೆ ನಮ್ಮ ವಿಚಾರಕ್ಕೆ ಮುಖ್ಯವಾದುದು ಕವಿತೆಯ ಕೊನೆ. ಅಲ್ಲಿ ಗಂಡನು ಹೆಂಡತಿಗೆ ಧೈರ್ಯ ಹೇಳುವುದಿಲ್ಲ. ವಿಧಿಯನ್ನಾಗಲಿ ಜನ್ಮಾಂತರವನ್ನಾಗಲಿ ಬೋಧಿಸುವುದಿಲ್ಲ. ನಗುವಿನ ಹಿಂದೆ ದುಃಖವನ್ನು ಬಚ್ಚಿಡಬೇಡ, ಬಿಕ್ಕನ್ನು ತಡೆಹಿಡಿಯಬೇಡ, ಕಣ್ಣೀರು ಹರಿಯಲಿ ಎಂದು ಬೇಡಿಕೊಳ್ಳುತ್ತಾನೆ. ಅಳಬೇಡವೆನ್ನುವ ಲೋಕದಲ್ಲಿ ಅಳು ಎನ್ನುವ ಒಬ್ಬನು ದೊರೆತುದೇ ಆ ತಾಯಿಗೆ ಮೊದಲನೆಯ ಸಾಂತ್ವನ. ಕವಿತೆಯಲ್ಲಿ ಭರವಸೆಯ ಶಬ್ದ ಒಂದೂ ಇಲ್ಲ. ಆದರೂ ಓದಿ ಮುಗಿಸಿದವನಿಗೆ ಆ ಇಬ್ಬರು ಇನ್ನು ಒಂಟಿಯಲ್ಲವೆಂಬ ಭಾವ ಉಳಿಯುತ್ತದೆ.

೪

ಇಲ್ಲಿ ಭಕ್ತರಾದ ಓದುಗರು ಒಂದು ಆಕ್ಷೇಪವನ್ನು ಎತ್ತಬಹುದು. ದಾಸರ ಹಾಡಿಗೂ ಆಧುನಿಕ ಕವಿತೆಗೂ ಇದು ಸಲ್ಲಲಿ. ಮರಣವನ್ನು ಹಬ್ಬವೆಂದು ಕರೆದ ಶರಣರ ಮಾರ್ಗದಲ್ಲಿ ಕಣ್ಣೀರಿಗೆ ಎಡೆಯೆಲ್ಲಿ? ಆಕ್ಷೇಪ ಗಂಭೀರವಾದುದು. ಉತ್ತರವನ್ನು ಎರಡು ಭಾಗವಾಗಿ ಹೇಳಬೇಕಾಗುತ್ತದೆ.

ಮೊದಲನೆಯದು, ಆ ಮಾತನ್ನು ಆಡಿದವರು ಯಾರು ಎಂಬುದು. ಮರಣಕ್ಕೆ ಅಂಜದ ವಚನಗಳಲ್ಲಿ ಮಾತನಾಡುವವನು ತನ್ನ ಮರಣವನ್ನು ಕುರಿತು ಮಾತನಾಡುತ್ತಾನೆ. ನಾಳೆ ಬರುವುದು ಇಂದೇ ಬರಲಿ ಎಂಬ ಎದೆಗಾರಿಕೆ ಹೊರಟುನಿಂತವನದು. ಅದನ್ನು ಉಳಿದವರ ಮೇಲೆ ಆಜ್ಞೆಯಾಗಿ ಹೇರಲು ವಚನದಲ್ಲಿ ಆಧಾರವಿಲ್ಲ. ಷಟ್‌ಸ್ಥಲದಲ್ಲಿ ಐಕ್ಯವು ಸಾಧಕನು ತಾನೇ ಏರಿ ಮುಟ್ಟುವ ನಿಲವು. ಇನ್ನೊಬ್ಬರ ಸಾವಿನ ದಿನ ಅವರ ಬಂಧುಗಳನ್ನು ಸುಮ್ಮನಾಗಿಸಲು ಬಳಸುವ ಮಾತಾಗಿ ಅದನ್ನು ಇಳಿಸಬಾರದು.

ಎರಡನೆಯದು, ಸೂತಕದ ನಿರಾಕರಣೆ. ವೀರಶೈವವು ಪ್ರೇತಸೂತಕವನ್ನು ಒಪ್ಪುವುದಿಲ್ಲ. ಲಿಂಗಧಾರಿಯ ದೇಹ ಸಾವಿನಿಂದ ಮೈಲಿಗೆಯಾಗುವುದಿಲ್ಲ. ಇದನ್ನು ಶೋಕದ ನಿರಾಕರಣೆಯೆಂದು ತಿಳಿಯುವುದು ತಪ್ಪು. ಮೈಲಿಗೆಯಿಲ್ಲವೆಂದುದರಿಂದಲೇ ಮನೆಯವರು ಮೃತದೇಹದ ಹತ್ತಿರ ಕುಳಿತುಕೊಳ್ಳಬಹುದು, ಪಾದ ಮುಟ್ಟಬಹುದು, ತಬ್ಬಿಕೊಂಡು ಅಳಬಹುದು. ಊರವರು ಅಂಜದೆ ಒಳಗೆ ಬಂದು ಕೂಡಬಹುದು. ಎಡಗೈಯಲ್ಲಿ ಇಷ್ಟಲಿಂಗವನ್ನಿಟ್ಟು, ಕುಳಿತ ಭಂಗಿಯಲ್ಲಿಯೇ ಸಮಾಧಿ ಮಾಡುವ ಕ್ರಮದಲ್ಲಿ ಹೋದವರಿಗೆ ಕೊನೆಯವರೆಗೂ ಪೂಜೆಗೆ ಕುಳಿತವರ ಗೌರವ ಸಲ್ಲುತ್ತದೆ. ಸೂತಕವನ್ನು ತೆಗೆದುಹಾಕಿದ ಧರ್ಮ ದುಃಖಿತರ ಮನೆಯ ಬಾಗಿಲನ್ನು ತೆರೆದಿಟ್ಟ ಧರ್ಮ. ಆ ತೆರೆದ ಬಾಗಿಲಿನಲ್ಲಿ ನಿಂತು ಅಳಬೇಡಿರೆಂದರೆ ಬಾಗಿಲನ್ನು ಮತ್ತೆ ಮುಚ್ಚಿದಂತಾಗುತ್ತದೆ.

ಅಕ್ಕಮಹಾದೇವಿಯ ನಿದರ್ಶನವೂ ಇದಕ್ಕೆ ಪೋಷಕ. ಸಾವಿಲ್ಲದ, ಕೇಡಿಲ್ಲದ ಗಂಡನನ್ನು ಅವಳು ಆರಿಸಿಕೊಂಡಳೆಂದು ಎಲ್ಲರೂ ಬಲ್ಲರು. ಲೌಕಿಕದಲ್ಲಿ ಒಲಿದುದೆಲ್ಲ ಅಳಿಯುತ್ತದೆಂಬುದನ್ನು ಕಣ್ಣಾರೆ ಕಂಡವಳ ಆಯ್ಕೆ ಅದು. ಹಾಗೆ ಆರಿಸಿಕೊಂಡ ಮೇಲೆಯೂ ಅವಳ ವಚನಗಳು ಒಣಗಣ್ಣಿನವಲ್ಲ. ಗಿಳಿ, ಕೋಗಿಲೆ, ತುಂಬಿ, ಹಂಸ, ನವಿಲುಗಳನ್ನು ಒಂದೊಂದಾಗಿ ಕರೆದು ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ವಿಚಾರಿಸುವ ಅವಳ ವಚನದಲ್ಲಿ ಕಳೆದುಕೊಂಡವರ ಹಂಬಲವೇ ಇದೆ. ಅನುಭಾವವು ಹಂಬಲವನ್ನು ಕೊಲ್ಲಲಿಲ್ಲ. ಅದಕ್ಕೆ ಸಾಯದ ಗುರಿಯೊಂದನ್ನು ಕೊಟ್ಟಿತು. ಭರವಸೆಗೆ ಇದಕ್ಕಿಂತ ಸ್ಪಷ್ಟವಾದ ನಿರೂಪಣೆ ನಮ್ಮ ಸಾಹಿತ್ಯದಲ್ಲಿ ದೊರೆಯುವುದು ಕಷ್ಟ.

೫

ಹಾಗಾದರೆ ಮರಣಗೀತಗಳಲ್ಲಿ ಭರವಸೆ ಇರುವುದೆಲ್ಲಿ? ನಾವು ನೋಡಿದ ಹಾಡುಗಳಲ್ಲಿ ಗಿಳಿ ಸಾಕಿದವಳಿಗೆ ಕೇಳುವ ಅಕ್ಕನಿದ್ದಾಳೆ. ಬೇಂದ್ರೆಯವರ ತಂದೆಗೆ ಎದುರಿಗೆ ಹೆಂಡತಿಯಿದ್ದಾಳೆ. ಮಹಾದೇವಿಗೆ ವನದ ಹಕ್ಕಿಗಳಿವೆ. ಷರೀಫರ ಪದದಲ್ಲಿ ಕೇಳುವವರು ಯಾರೆಂಬುದು ಓದಿದರೆ ತಿಳಿಯದು, ಹಾಡಿದರೆ ತಿಳಿಯುತ್ತದೆ. ಭಜನೆಯಲ್ಲಿ ನುಡಿಯನ್ನು ಹೇಳುವವನು ಒಬ್ಬ. ನುಡಿ ಮುಗಿದೊಡನೆ ಪಲ್ಲವಿಯನ್ನು ಎತ್ತಿಕೊಳ್ಳುವವರು ಎಲ್ಲರೂ. ನುಡಿಯಲ್ಲಿ ಗಿಳಿ ಹೋಗುತ್ತದೆ, ಕಂಬ ಮುರಿಯುತ್ತದೆ, ಮಾಳಿಗೆ ಸೋರುತ್ತದೆ, ಹೆಂಡತಿ ತೀರುತ್ತಾಳೆ. ಆದರೆ ಪ್ರತಿ ಸಲವೂ ಒಬ್ಬನ ದನಿ ನಿಂತಲ್ಲಿ ಹತ್ತು ದನಿಗಳು ಏಳುತ್ತವೆ. ನಷ್ಟ ನುಡಿಯಲ್ಲಿ, ಆಸರೆ ಪಲ್ಲವಿಯಲ್ಲಿ. ಅಚ್ಚಿನ ಪುಟದಲ್ಲಿ ಪಲ್ಲವಿಯನ್ನು ಒಮ್ಮೆ ಮಾತ್ರ ಬರೆದು ಮುಂದೆ ಬಿಟ್ಟುಬಿಡುವುದರಿಂದ, ಹಾಡನ್ನು ಓದಿ ಮಾತ್ರ ಬಲ್ಲ ವಿಮರ್ಶಕನಿಗೆ ಈ ಅರ್ಧ ಕಾಣಿಸದೆ ಹೋಗುತ್ತದೆ. ಸಾಹಿತ್ಯದ ವಿದ್ಯಾರ್ಥಿಗಳು ತತ್ತ್ವಪದಗಳನ್ನು ಕುರಿತು ಬರೆಯುವ ಮೊದಲು ಒಂದು ರಾತ್ರಿ ಭಜನೆಯಲ್ಲಿ ಕುಳಿತು ಬರುವುದು ಆವಶ್ಯಕ.

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ಒಳಗಿನ ಅಳುವಿಗೂ ಹೊರಗಿನ ಪದಕ್ಕೂ ವಿರೋಧವಿದ್ದಿದ್ದರೆ ನಮ್ಮ ಹಿರಿಯರು ಅವೆರಡನ್ನೂ ಒಂದೇ ರಾತ್ರಿ, ಒಂದೇ ಮನೆಯಲ್ಲಿ ಇಡುತ್ತಿರಲಿಲ್ಲ. ಹೊರಗಿನವರು ಹಾಡುವುದು ಒಳಗಿನವರ ಬಾಯಿ ಮುಚ್ಚಿಸಲು ಅಲ್ಲ. ಬೆಳಗಿನ ಜಾವಕ್ಕೆ ಅತ್ತು ಅತ್ತು ದನಿ ಸೋತ ಹೊತ್ತಿನಲ್ಲಿ ಒಳಗಿನವರಿಗೆ ಕೇಳಲು ಒಂದು ಹಾಡಿರಬೇಕು, ಅದನ್ನು ಎತ್ತಿಹಿಡಿದ ಜನರಿರಬೇಕು. ಹೊಸ್ತಿಲಾಚೆ ಪಲ್ಲವಿ ನಿಲ್ಲದಿರುವುದು ಅದಕ್ಕಾಗಿ. ದುಃಖಿತರ ಮನೆಗೆ ಹೋಗುವ ಭಕ್ತರು ಈ ಮರ್ಮವನ್ನು ಅರಿತರೆ ಉಪದೇಶದ ಆತುರ ತಾನೇ ತಗ್ಗುತ್ತದೆ. ಹೋಗಿ ಕುಳಿತುಕೊಳ್ಳಬೇಕು, ಅಳುವವರು ಅಳಲಿ, ಪಲ್ಲವಿ ಬಂದಾಗ ನಮ್ಮ ದನಿಯನ್ನೂ ಕೂಡಿಸಬೇಕು.